ಅರಿವಿನ ನಕ್ಷೆ ಮತ್ತು ಸ್ಪರ್ಧಾತ್ಮಕ ಕಾರ್ಯತಂತ್ರ: ಕರ್ನಾಟಕದ ಮೊಬೈಲ್ ದೂರವಾಣಿ ಕ್ಷೇತ್ರದಿಂದ ಒಂದು ನಿದರ್ಶನ

ವರ್ಷಾಂತ್ಯದಲ್ಲಿ ಸಿದ್ಧವಾಗುವ ಆಸ್ತಿ-ಹೊಣೆ ಪಟ್ಟಿಯಲ್ಲಿ ಯಂತ್ರೋಪಕರಣ, ದಾಸ್ತಾನು, ಬಾಕಿದಾರರು, ಬ್ಯಾಂಕ್ ಸಾಲ ಎಲ್ಲಕ್ಕೂ ಒಂದೊಂದು ಸಾಲು ಇರುತ್ತದೆ. ಆದರೆ ಆ ದಾಸ್ತಾನನ್ನು ಯಾವ ನಂಬಿಕೆಯ ಮೇಲೆ ಖರೀದಿಸಲಾಯಿತು, ಆ ಬಾಕಿದಾರರಿಗೆ ಯಾವ ಎಣಿಕೆಯಿಂದ ಉದ್ದರಿ ನೀಡಲಾಯಿತು ಎಂಬುದಕ್ಕೆ ಯಾವ ಸಾಲೂ ಇರುವುದಿಲ್ಲ. "ಬೆಲೆ ಇಳಿಸಿದರೆ ಗಿರಾಕಿಗಳು ಹೆಚ್ಚುತ್ತಾರೆ", "ಉದ್ದರಿ ನಿಲ್ಲಿಸಿದರೆ ಅಂಗಡಿಯವರು ಬೇರೆಡೆಗೆ ಹೋಗುತ್ತಾರೆ", "ಗುಣಮಟ್ಟ ಕಾಯ್ದುಕೊಂಡರೆ ಬೆಲೆಯನ್ನು ಯಾರೂ ಕೇಳುವುದಿಲ್ಲ" ಎಂಬಂಥ ಹತ್ತಾರು ನಂಬಿಕೆಗಳು ವ್ಯಾಪಾರಿಯ ತಲೆಯಲ್ಲಿ ಕುಳಿತು ಬಂಡವಾಳವನ್ನು ಇತ್ತ ಅಥವಾ ಅತ್ತ ತಿರುಗಿಸುತ್ತಿರುತ್ತವೆ. ಅವುಗಳಲ್ಲಿ ಒಂದು ಸುಳ್ಳಾದ ದಿನ ಲೆಕ್ಕಪುಸ್ತಕಕ್ಕೆ ಅದು ಗೊತ್ತಾಗುವುದಿಲ್ಲ. ನಷ್ಟವು ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದು ಎರಡು ಮೂರು ವರ್ಷಗಳ ನಂತರ. ಅಷ್ಟರಲ್ಲಿ ಬಂಡವಾಳದ ಬಹುಭಾಗ ಕರಗಿರುತ್ತದೆ.

ಈ ನಂಬಿಕೆಗಳನ್ನು ತಲೆಯಿಂದ ಹೊರತೆಗೆದು ಕಾಗದದ ಮೇಲೆ ಇಡುವ ವಿಧಾನಕ್ಕೆ ನಿರ್ವಹಣಾ ಶಾಸ್ತ್ರದಲ್ಲಿ ಕಾಗ್ನಿಟಿವ್ ಮ್ಯಾಪಿಂಗ್ ಎಂದು ಹೆಸರು. ಕನ್ನಡದಲ್ಲಿ ಅದನ್ನು ಅರಿವಿನ ನಕ್ಷೆ ಎನ್ನಬಹುದು. ಇದಕ್ಕೆ ದುಬಾರಿ ತಂತ್ರಾಂಶವಾಗಲಿ, ಸಲಹೆಗಾರರ ಪಡೆಯಾಗಲಿ ಅಗತ್ಯವಿಲ್ಲ. ಯಾವುದು ಯಾವುದಕ್ಕೆ ಕಾರಣವೆಂದು ಒಬ್ಬ ವ್ಯಕ್ತಿ ನಂಬಿದ್ದಾನೋ ಅದನ್ನು ಪದಗಳಲ್ಲಿ ಬರೆದು, ಪದಗಳ ನಡುವೆ ಬಾಣಗಳನ್ನು ಎಳೆದರೆ ನಕ್ಷೆ ಸಿದ್ಧವಾಗುತ್ತದೆ. ದೂರಸಂಪರ್ಕ ಕ್ಷೇತ್ರದಲ್ಲಿ ಕಳೆದ ಮೂರು ದಶಕಗಳಲ್ಲಿ ಇಂತಹ ಬಾಣಗಳು ಎಷ್ಟು ಬಾರಿ ತಿರುಗಿದವು, ತಿರುಗಿದ್ದನ್ನು ಬೇಗ ಕಂಡವರಿಗೆ ಏನಾಯಿತು, ತಡವಾಗಿ ಕಂಡವರಿಗೆ ಏನಾಯಿತು ಎಂಬುದು ಕರ್ನಾಟಕದ ವ್ಯಾಪಾರಿಗಳ ಕಣ್ಣೆದುರಿಗೇ ನಡೆದ ಸಂಗತಿಯಾದ್ದರಿಂದ ವಿಧಾನವನ್ನು ವಿವರಿಸಲು ಅದೇ ಕ್ಷೇತ್ರವನ್ನು ಇಲ್ಲಿ ಆರಿಸಿಕೊಳ್ಳಲಾಗಿದೆ.

ನಕ್ಷೆಯ ಹಿನ್ನೆಲೆ

ಈ ಪದವನ್ನು ಮೊದಲು ಬಳಕೆಗೆ ತಂದವರು ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟೋಲ್ಮನ್. ಸುತ್ತುಬಳಸಿನ ದಾರಿಗಳಲ್ಲಿ ಬಿಟ್ಟ ಇಲಿಗಳು ಕೇವಲ ಅಭ್ಯಾಸಬಲದಿಂದ ಓಡದೆ ಇಡೀ ದಾರಿಯ ಒಂದು ಚಿತ್ರವನ್ನು ಮನಸ್ಸಿನಲ್ಲಿ ರಚಿಸಿಕೊಳ್ಳುತ್ತವೆ ಎಂದು ಅವರು 1948ರಲ್ಲಿ ಪ್ರತಿಪಾದಿಸಿದರು. 1976ರಲ್ಲಿ ರಾಜ್ಯಶಾಸ್ತ್ರಜ್ಞ ರಾಬರ್ಟ್ ಆಕ್ಸೆಲ್‌ರಾಡ್ ಅದೇ ಕಲ್ಪನೆಯನ್ನು ರಾಜಕೀಯ ನಾಯಕರ ತೀರ್ಮಾನಗಳಿಗೆ ಅನ್ವಯಿಸಿ, ಕಾರಣ-ಪರಿಣಾಮಗಳನ್ನು ಬಾಣಗಳಿಂದ ಸೂಚಿಸುವ ಪದ್ಧತಿಯನ್ನು ರೂಪಿಸಿದರು. ಬ್ರಿಟನ್ನಿನ ಕಾಲಿನ್ ಈಡನ್ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ಅದನ್ನು ಉದ್ಯಮ ಸಂಸ್ಥೆಗಳ ಕಾರ್ಯತಂತ್ರದ ಚರ್ಚೆಗೆ ತಂದರು.

ವ್ಯಾಪಾರಸ್ಥರಿಗೆ ಹೆಚ್ಚು ಉಪಯುಕ್ತವಾದದ್ದು 1992ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಪಮೇಲಾ ಬಾರ್, ಸ್ಟಿಂಪರ್ಟ್ ಮತ್ತು ಆ್ಯನ್ ಹಫ್ ಎಂಬ ಮೂವರು ಅಮೆರಿಕದ ಎರಡು ರೈಲ್ವೆ ಕಂಪನಿಗಳು ತಮ್ಮ ಷೇರುದಾರರಿಗೆ ವರ್ಷವರ್ಷವೂ ಬರೆದ ಪತ್ರಗಳನ್ನು ಓದಿ, ಅವುಗಳಿಂದಲೇ ಆಡಳಿತದ ಅರಿವಿನ ನಕ್ಷೆಗಳನ್ನು ರಚಿಸಿದರು. ಎರಡೂ ಕಂಪನಿಗಳು ಒಂದೇ ಬಗೆಯ ಕಷ್ಟವನ್ನು ಎದುರಿಸಿದ್ದವು. ಒಂದು ಕಂಪನಿ ತನ್ನ ನಂಬಿಕೆಗಳನ್ನು ಸ್ವಲ್ಪ ಸ್ವಲ್ಪವಾಗಿ ತಿದ್ದಿಕೊಳ್ಳುತ್ತಾ ಬಂದು ಉಳಿಯಿತು. ರಾಕ್ ಐಲೆಂಡ್ ಎಂಬ ಇನ್ನೊಂದು ಕಂಪನಿ ನಷ್ಟಕ್ಕೆಲ್ಲ ಹವಾಮಾನ ಮತ್ತು ಸರ್ಕಾರದ ನಿಯಮಗಳಂತಹ ಹೊರಗಿನ ಕಾರಣಗಳನ್ನೇ ಹೇಳುತ್ತಾ ಹೋಗಿ, 1975ರಲ್ಲಿ ದಿವಾಳಿಯಾಗಿ 1980ರಲ್ಲಿ ಮುಚ್ಚಿತು. ಲೆಕ್ಕಪರಿಶೋಧಕರು ಪ್ರತಿವರ್ಷವೂ ಓದುವ ನಿರ್ದೇಶಕರ ವರದಿಯೊಳಗೆ ಇಷ್ಟೊಂದು ಸಂಗತಿ ಅಡಗಿರುತ್ತದೆ ಎಂದು ಬಹಳ ಮಂದಿ ಎಣಿಸಿರಲಾರರು.

ಬರೆಯುವ ಕ್ರಮ

ಒಂದು ಸಂಸ್ಥೆಯಲ್ಲಿ ತೀರ್ಮಾನ ತೆಗೆದುಕೊಳ್ಳುವ ನಾಲ್ಕೈದು ಮಂದಿಯನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ಮಾತನಾಡಿಸಬೇಕು. ಯಜಮಾನರು ಎದುರಿಗೆ ಕುಳಿತಿದ್ದರೆ ಗುಮಾಸ್ತರ ನಕ್ಷೆಯೂ ಯಜಮಾನರ ನಕ್ಷೆಯೇ ಆಗಿಬಿಡುತ್ತದೆ. ಆದ್ದರಿಂದ "ಪ್ರತ್ಯೇಕವಾಗಿ" ಎಂಬ ಮಾತನ್ನು ಔಪಚಾರಿಕವೆಂದು ಭಾವಿಸಬಾರದು. ಅವರು ಹೇಳಿದ್ದನ್ನು ಅವರದೇ ಮಾತುಗಳಲ್ಲಿ ಚೀಟಿಗಳ ಮೇಲೆ ಬರೆದುಕೊಳ್ಳಬೇಕು. ಪ್ರತಿಯೊಂದು ಮಾತಿಗೂ "ಇಲ್ಲದಿದ್ದರೆ ಏನು?" ಎಂದು ಕೇಳಿ ಅದರ ಎದುರು ತುದಿಯನ್ನೂ ಗುರುತಿಸಬೇಕು. ಒಬ್ಬರ "ಮಾರಾಟ ಹೆಚ್ಚಳ" ಎಂಬುದರ ಎದುರು ತುದಿ "ಮಾರಾಟ ಇಳಿಕೆ" ಆಗಿರಬಹುದು. ಇನ್ನೊಬ್ಬರಿಗೆ ಅದು "ಕಡಿಮೆ ಮಾರಾಟ, ಆದರೆ ನಗದು" ಎಂದಾಗಿರಬಹುದು. ಒಂದೇ ಪದವನ್ನು ಇಬ್ಬರೂ ಬಳಸುತ್ತಿದ್ದರೂ ಹೇಳುತ್ತಿರುವುದು ಬೇರೆ ಬೇರೆ ಎಂಬುದು ಇಲ್ಲಿ ಬಯಲಾಗುತ್ತದೆ.

ಅನಂತರ ಕಾರಣದಿಂದ ಪರಿಣಾಮದ ಕಡೆಗೆ ಬಾಣ ಎಳೆಯಬೇಕು. ಒಂದು ಹೆಚ್ಚಿದರೆ ಇನ್ನೊಂದೂ ಹೆಚ್ಚುವುದಾದರೆ ಬಾಣಕ್ಕೆ ಕೂಡು ಚಿಹ್ನೆ, ಒಂದು ಹೆಚ್ಚಿದರೆ ಇನ್ನೊಂದು ಕಡಿಮೆಯಾಗುವುದಾದರೆ ಕಳೆ ಚಿಹ್ನೆ. ಬಾಣಗಳು ಸುತ್ತಿ ಬಂದು ಹೊರಟಲ್ಲಿಗೇ ಸೇರಿದರೆ ಅದೊಂದು ಸುಳಿ. ಸುಳಿಯಲ್ಲಿ ಕಳೆ ಚಿಹ್ನೆಗಳೇ ಇಲ್ಲದಿದ್ದರೆ ಅಥವಾ ಅವು ಸಮಸಂಖ್ಯೆಯಲ್ಲಿದ್ದರೆ ಅದು ತನ್ನನ್ನು ತಾನೇ ಬೆಳೆಸಿಕೊಳ್ಳುವ ಸುಳಿ. ಒಳ್ಳೆಯದಕ್ಕೆ ತಿರುಗಿದರೆ ಒಳ್ಳೆಯದೇ ಬೆಳೆಯುತ್ತದೆ, ಕೆಟ್ಟದ್ದಕ್ಕೆ ತಿರುಗಿದರೆ ಕೆಟ್ಟದ್ದೇ. ಕಳೆ ಚಿಹ್ನೆಗಳು ಬೆಸಸಂಖ್ಯೆಯಲ್ಲಿದ್ದರೆ ಅದು ತಡೆಯೊಡ್ಡುವ ಸುಳಿ. ಎಷ್ಟೇ ತಳ್ಳಿದರೂ ಹಿಂದಕ್ಕೆ ಎಳೆಯುತ್ತದೆ. ನಕ್ಷೆಯ ಲೆಕ್ಕವೆಲ್ಲ ಇಷ್ಟೇ.

ಕರ್ನಾಟಕ ಸರ್ಕಲ್‌ನ ಮೊದಲ ಸುಳಿ

ಗ್ರಾಮೀಣ ದೂರವಾಣಿಯ ಇತಿಹಾಸದಲ್ಲಿ ಕರ್ನಾಟಕಕ್ಕೆ ಒಂದು ವಿಶೇಷ ಸ್ಥಾನವಿದೆ. ಸಿ-ಡಾಟ್ ಸಂಸ್ಥೆ ದೇಶೀಯವಾಗಿ ರೂಪಿಸಿದ 128 ಲೈನುಗಳ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರ ಮೊದಲು ಸ್ಥಾಪನೆಯಾದದ್ದು 1986ರಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಮೊಬೈಲ್ ಸೇವೆಯ ಕಥೆ ಬೇರೆಯೇ ರೀತಿಯಲ್ಲಿ ಆರಂಭವಾಯಿತು. 1994ರ ರಾಷ್ಟ್ರೀಯ ದೂರಸಂಪರ್ಕ ನೀತಿಯ ನಂತರ ಪ್ರತಿ ಸರ್ಕಲ್‌ಗೂ ಇಬ್ಬರು ಖಾಸಗಿ ಸೇವಾದಾರರಿಗೆ ಹರಾಜಿನ ಮೂಲಕ ಪರವಾನಗಿ ನೀಡಲಾಯಿತು. ಕರ್ನಾಟಕದಲ್ಲಿ ಅವರು ಜೆ.ಟಿ. ಮೊಬೈಲ್ಸ್ ಮತ್ತು ಸ್ಪೈಸ್. ಹರಾಜಿನಲ್ಲಿ ಕೂಗಿದ ಪರವಾನಗಿ ಶುಲ್ಕವನ್ನು ಗಿರಾಕಿಗಳು ಬರಲಿ ಬಿಡಲಿ ಕಟ್ಟಲೇಬೇಕಾಗಿತ್ತು. ಕರೆಯ ದರ ನಿಮಿಷಕ್ಕೆ 16 ರೂಪಾಯಿಯವರೆಗೂ ಇತ್ತು. ಬಂದ ಕರೆಗೂ ಹಣ ಕೊಡಬೇಕಾಗಿತ್ತು.

ಆ ದಿನಗಳ ಸೇವಾದಾರನ ನಕ್ಷೆಯನ್ನು ಹೊರಗಿನಿಂದ ನಿಂತು ಹೀಗೆ ಬರೆಯಬಹುದು. ಇದು ಯಾವ ಕಂಪನಿಯೂ ಸ್ವತಃ ಬರೆದುಕೊಟ್ಟ ನಕ್ಷೆಯಲ್ಲ, ಎಲ್ಲರಿಗೂ ತಿಳಿದ ಸಂಗತಿಗಳಿಂದ ರಚಿಸಿದ್ದು. ದರ ಹೆಚ್ಚಿದರೆ ಗಿರಾಕಿಗಳು ಕಡಿಮೆ: ಕಳೆ ಚಿಹ್ನೆ. ಗಿರಾಕಿಗಳು ಹೆಚ್ಚಿದರೆ ತಲಾ ಗಿರಾಕಿಯ ಮೇಲೆ ಬೀಳುವ ಶುಲ್ಕದ ಹೊರೆ ಕಡಿಮೆ: ಇನ್ನೊಂದು ಕಳೆ ಚಿಹ್ನೆ. ತಲಾ ಹೊರೆ ಹೆಚ್ಚಿದರೆ ದರ ಹೆಚ್ಚು: ಕೂಡು ಚಿಹ್ನೆ. ಕಳೆ ಚಿಹ್ನೆಗಳು ಎರಡು, ಅಂದರೆ ಸುಳಿ ತನ್ನನ್ನು ತಾನೇ ಬೆಳೆಸಿಕೊಳ್ಳುವಂಥದ್ದು. 1990ರ ದಶಕದ ಉತ್ತರಾರ್ಧದಲ್ಲಿ ಅದು ಕೆಟ್ಟ ದಿಕ್ಕಿಗೇ ತಿರುಗುತ್ತಿತ್ತು. ದರ ಹೆಚ್ಚೆಂದು ಗಿರಾಕಿಗಳು ಬರಲಿಲ್ಲ, ಗಿರಾಕಿಗಳು ಬರಲಿಲ್ಲವೆಂದು ಹೊರೆ ಇಳಿಯಲಿಲ್ಲ, ಹೊರೆ ಇಳಿಯಲಿಲ್ಲವೆಂದು ದರ ಇಳಿಸಲಾಗಲಿಲ್ಲ. ಸಣ್ಣ ಊರುಗಳಲ್ಲಿ ಗೋಪುರ ನಿಲ್ಲಿಸುವ ಮಾತು ದೂರವೇ ಉಳಿಯಿತು. ಬೆಳ್ಳೂರು, ನಾಗಮಂಗಲ, ಕೃಷ್ಣರಾಜಪೇಟೆಗಳ ವರ್ತಕರು ಆಗ ಎಸ್‌ಟಿಡಿ ಬೂತುಗಳ ಮುಂದೆ ಸರದಿಯಲ್ಲಿ ನಿಲ್ಲುತ್ತಿದ್ದರು.

ಸುಳಿಯ ಸ್ವಾರಸ್ಯವೆಂದರೆ ಅದನ್ನು ಹಿಂದಕ್ಕೆ ತಿರುಗಿಸಲು ಎಲ್ಲ ಬಾಣಗಳನ್ನೂ ಬದಲಿಸಬೇಕಾಗಿಲ್ಲ, ಒಂದನ್ನು ಬದಲಿಸಿದರೆ ಸಾಕು. 1999ರ ಹೊಸ ದೂರಸಂಪರ್ಕ ನೀತಿ ನಿಗದಿತ ಶುಲ್ಕದ ಬದಲು ಆದಾಯದ ಪಾಲನ್ನು ಕಟ್ಟುವ ಅವಕಾಶ ನೀಡಿತು. ಗಿರಾಕಿ ಬಂದರೆ ಮಾತ್ರ ಶುಲ್ಕ ಎಂದಾಯಿತು. ಹೆಚ್ಚುಕಡಿಮೆ ಅದೇ ಸಮಯದಲ್ಲಿ ಭಾರ್ತಿ ಸಂಸ್ಥೆ ಜೆ.ಟಿ. ಮೊಬೈಲ್ಸ್ ಅನ್ನು ಕೊಂಡು ಕರ್ನಾಟಕ ಮತ್ತು ಆಂಧ್ರಪ್ರದೇಶಗಳಿಗೆ ಕಾಲಿಟ್ಟಿತು. 2002ರ ಅಕ್ಟೋಬರಿನಲ್ಲಿ ಬಿಎಸ್‌ಎನ್‌ಎಲ್ ಮೊಬೈಲ್ ಸೇವೆ ಆರಂಭಿಸಿತು. 2003ರ ಮೇ 1ರಿಂದ ಬಂದ ಕರೆಗೆ ಹಣ ಕೊಡುವ ಪದ್ಧತಿ ನಿಂತಿತು. ಅದೇ ವರ್ಷ ರಿಲಯನ್ಸ್ 501 ರೂಪಾಯಿಗೆ ಕೈಗೆ ಫೋನ್ ಕೊಡುವ ಯೋಜನೆ ಪ್ರಕಟಿಸಿತು. ಮೊದಲಿನ ಸುಳಿಯೇ ಈಗ ಎದುರು ದಿಕ್ಕಿಗೆ ತಿರುಗತೊಡಗಿತು.

2004ರ ತೀರ್ಮಾನ

ಆದರೆ ಗಿರಾಕಿಗಳು ಬಂದಂತೆ ಇನ್ನೊಂದು ಸುಳಿ ತಲೆ ಎತ್ತಿತು. ಹೆಚ್ಚು ಗಿರಾಕಿಗಳಿಗೆ ಹೆಚ್ಚು ಉಪಕರಣ ಬೇಕು, ಹೆಚ್ಚು ಉಪಕರಣಕ್ಕೆ ಹೆಚ್ಚು ಸಾಲ ಬೇಕು, ಹೆಚ್ಚು ಸಾಲಕ್ಕೆ ಹೆಚ್ಚು ಬಡ್ಡಿ. ಬಡ್ಡಿಯ ಒತ್ತಡ ಹೆಚ್ಚಿದರೆ ದರ ಇಳಿಸುವ ಶಕ್ತಿ ಕುಗ್ಗುತ್ತದೆ. ಆ ಶಕ್ತಿ ಕುಗ್ಗಿದರೆ ಹೊಸ ಗಿರಾಕಿಗಳ ಬರವು ನಿಲ್ಲುತ್ತದೆ. ಇಲ್ಲಿ ಕಳೆ ಚಿಹ್ನೆ ಒಂದೇ, ಬಡ್ಡಿಯಿಂದ ದರ ಇಳಿಸುವ ಶಕ್ತಿಯ ಕಡೆಗೆ ಹೋಗುವ ಬಾಣದ ಮೇಲಿನದು. ಆದ್ದರಿಂದ ಇದು ತಡೆಯೊಡ್ಡುವ ಸುಳಿ. ತಿಂಗಳಿಗೆ ನೂರಿನ್ನೂರು ರೂಪಾಯಿ ಮಾತ್ರ ಖರ್ಚು ಮಾಡುವ ಹಳ್ಳಿಯ ಗಿರಾಕಿಯನ್ನು ಸೇರಿಸಿಕೊಂಡಷ್ಟೂ ತಡೆ ಬಿಗಿಯಾಗುತ್ತಿತ್ತು. ಸಾಮರ್ಥ್ಯವನ್ನು ಮುಂದಾಗಿ ಕೊಂಡು ಗಿರಾಕಿಗಾಗಿ ಕಾಯಬೇಕು, ಕಾಯುವ ಅವಧಿಯ ಬಡ್ಡಿಯನ್ನು ಇದ್ದ ಗಿರಾಕಿಗಳಿಂದಲೇ ವಸೂಲು ಮಾಡಬೇಕು.

ಭಾರ್ತಿ ಸಂಸ್ಥೆ 2004ರಲ್ಲಿ ಈ ಸುಳಿಯ ಒಂದು ಬಾಣವನ್ನು ಕತ್ತರಿಸಿತು. ಜಾಲದ ನಿರ್ಮಾಣ ಮತ್ತು ನಿರ್ವಹಣೆಯನ್ನು ಎರಿಕ್ಸನ್ ಮೊದಲಾದ ಉಪಕರಣ ತಯಾರಕರಿಗೂ, ಮಾಹಿತಿ ತಂತ್ರಜ್ಞಾನದ ಕೆಲಸವನ್ನು ಐಬಿಎಂಗೂ ಒಪ್ಪಿಸಿತು. ಪೆಟ್ಟಿಗೆಗಳ ಲೆಕ್ಕದಲ್ಲಿ ಉಪಕರಣ ಕೊಳ್ಳುವ ಬದಲು, ಬಳಕೆಗೆ ಬಂದ ಸಾಮರ್ಥ್ಯಕ್ಕೆ ಮಾತ್ರ ಹಣ ಕೊಡುವುದು ಮೊದಲನೆಯ ಒಪ್ಪಂದದ ತಿರುಳು. ಐಬಿಎಂ ಒಪ್ಪಂದದಲ್ಲಿ ಪಾವತಿಯನ್ನು ಆದಾಯಕ್ಕೆ ಜೋಡಿಸಲಾಗಿತ್ತು. ಲೆಕ್ಕಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಬಂಡವಾಳ ವೆಚ್ಚದ ಒಂದು ದೊಡ್ಡ ಭಾಗ ಗಿರಾಕಿಯ ಬಳಕೆಯೊಡನೆ ಏರಿಳಿಯುವ ವೆಚ್ಚವಾಯಿತು. ಈ ಏರ್ಪಾಟಿನ ಹಿಂದಿದ್ದ ಪ್ರಮುಖರಲ್ಲಿ ಒಬ್ಬರಾದ ಅಖಿಲ್ ಗುಪ್ತಾ ವೃತ್ತಿಯಿಂದ ಚಾರ್ಟರ್ಡ್ ಅಕೌಂಟೆಂಟ್ ಎಂಬುದನ್ನು ಇಲ್ಲಿ ನೆನೆದರೆ ಅದು ಕೇವಲ ವೃತ್ತಿಬಾಂಧವ್ಯದ ಮಾತಲ್ಲ. ವೆಚ್ಚದ ಸ್ವರೂಪವನ್ನು ಬದಲಿಸುವುದು ಲೆಕ್ಕಪತ್ರ ತಿಳಿದವರಿಗೆ ಸಹಜವಾಗಿ ಹೊಳೆಯುವ ಉಪಾಯ.

ಆ ಕಾಲದ ವಿರೋಧದ ಮಾತುಗಳು ಕೂಡ ಒಂದು ನಕ್ಷೆಯೇ. ದೂರವಾಣಿ ಕಂಪನಿಗೆ ಜಾಲವೇ ಜೀವ, ಜಾಲವನ್ನು ಪರರ ಕೈಗೆ ಕೊಟ್ಟರೆ ಹಿಡಿತ ತಪ್ಪುತ್ತದೆ, ಹಿಡಿತ ತಪ್ಪಿದರೆ ಗುಣಮಟ್ಟ ಕೆಡುತ್ತದೆ, ಗುಣಮಟ್ಟ ಕೆಟ್ಟರೆ ಗಿರಾಕಿ ಹೋಗುತ್ತಾನೆ. ಈ ಸರಪಣಿಯಲ್ಲಿ ತಪ್ಪೇನೂ ಕಾಣುವುದಿಲ್ಲ, ಅಷ್ಟೇ ಅಲ್ಲ, ಬಹುತೇಕ ಕಂಪನಿಗಳು ಅದನ್ನೇ ನಂಬಿದ್ದವು. ವ್ಯತ್ಯಾಸವಿದ್ದದ್ದು ಮೊದಲ ಬಾಣದಲ್ಲಿ. ಜಾಲವನ್ನು ಬೇರೆಯವರು ನಡೆಸಿದರೂ ಗುಣಮಟ್ಟಕ್ಕೆ ತಕ್ಕಂತೆ ಪಾವತಿ ಎಂಬ ಕರಾರು ಇದ್ದರೆ ಹಿಡಿತ ತಪ್ಪಬೇಕಾಗಿಲ್ಲ ಎಂಬುದು ಇನ್ನೊಂದು ಪಕ್ಷದ ನಂಬಿಕೆ. ವಾದ ಮಾಡುವಾಗ "ಇದು ಸರಿ, ಅದು ತಪ್ಪು" ಎಂದು ಇಡೀ ಯೋಜನೆಯ ಬಗ್ಗೆ ಕೂಗಾಡುವುದಕ್ಕಿಂತ, ಭಿನ್ನಾಭಿಪ್ರಾಯ ಯಾವ ಒಂದು ಬಾಣದಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಸಾಧ್ಯವಾಗುವುದೇ ನಕ್ಷೆಯ ದೊಡ್ಡ ಉಪಕಾರ.

2007ರಲ್ಲಿ ಇನ್ನೊಂದು ನಂಬಿಕೆ ಬಿದ್ದುಹೋಯಿತು. ಅಲ್ಲಿಯವರೆಗೆ ಯಾರ ಗೋಪುರ ಹೆಚ್ಚೋ ಅವರಿಗೆ ಗಿರಾಕಿ ಹೆಚ್ಚು, ಆದ್ದರಿಂದ ಗೋಪುರ ಒಂದು ಅಸ್ತ್ರ ಎಂಬ ಭಾವನೆ ಇತ್ತು. ಮಾರುಕಟ್ಟೆಯಲ್ಲಿ ಕತ್ತಿ ಮಸೆಯುತ್ತಿದ್ದ ಭಾರ್ತಿ, ವೊಡಾಫೋನ್, ಐಡಿಯಾ ಸಂಸ್ಥೆಗಳು ಸೇರಿ ಇಂಡಸ್ ಟವರ್ಸ್ ಎಂಬ ಜಂಟಿ ಕಂಪನಿಯನ್ನು ಸ್ಥಾಪಿಸಿ ಗೋಪುರಗಳನ್ನು ಹಂಚಿಕೊಂಡವು. ಅಸ್ತ್ರವಾಗಿದ್ದದ್ದು ಹಂಚಿಕೊಳ್ಳುವ ಖರ್ಚಾಯಿತು. ಒಂದೇ ಕೈಗಾರಿಕಾ ವಸಾಹತಿನ ನಾಲ್ಕು ಘಟಕಗಳು ನಾಲ್ಕು ಜನರೇಟರ್ ಇಟ್ಟುಕೊಂಡಿರುವುದನ್ನು ಕಂಡವರಿಗೆ ಈ ನಿದರ್ಶನದ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಪ್ರತಿಸ್ಪರ್ಧಿ ಯಾರು?

ಸ್ಪರ್ಧಾತ್ಮಕ ಕಾರ್ಯತಂತ್ರದ ಮೊದಲ ಪ್ರಶ್ನೆ ಇದೇ. ಇದಕ್ಕೆ ಉತ್ತರ ಎಲ್ಲರಿಗೂ ತಿಳಿದಿದೆ ಎಂದು ಭಾವಿಸುವುದೇ ಅಪಾಯ. ಸ್ಕಾಟ್ಲೆಂಡಿನ ಹಾವಿಕ್ ಎಂಬ ಸಣ್ಣ ಊರಿನ ಸುತ್ತಮುತ್ತ ಉತ್ತಮ ದರ್ಜೆಯ ಉಣ್ಣೆಯ ಹೆಣಿಗೆ ಉಡುಪು ತಯಾರಿಸುವ ಘಟಕಗಳಿವೆ. ಜೋಸೆಫ್ ಪೊರಾಕ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡುಬಂದದ್ದೇನೆಂದರೆ, ಜಗತ್ತಿನಾದ್ಯಂತ ಇಂಥ ಉಡುಪು ತಯಾರಿಸುವವರು ಎಷ್ಟೋ ಮಂದಿ ಇದ್ದರೂ ಅಲ್ಲಿನ ಮಾಲೀಕರು ತಮ್ಮ ಊರಿನ ಸುತ್ತಲಿನವರನ್ನೇ ಪ್ರತಿಸ್ಪರ್ಧಿಗಳೆಂದು ಎಣಿಸುತ್ತಿದ್ದರು. ಒಬ್ಬರನ್ನೊಬ್ಬರು ನೋಡುತ್ತಾ, ಒಬ್ಬರಂತೆ ಒಬ್ಬರು ನಡೆದುಕೊಳ್ಳುತ್ತಾ ಎಲ್ಲರ ನಕ್ಷೆಯೂ ಒಂದೇ ಆಗಿಹೋಗಿತ್ತು.

ಭಾರತದ ದೂರವಾಣಿ ಕಂಪನಿಗಳಿಗೂ ಇದೇ ಆಯಿತು. 2009ರಲ್ಲಿ ಟಾಟಾ ಡೊಕೊಮೊ ನಿಮಿಷದ ಬದಲು ಸೆಕೆಂಡಿನ ಲೆಕ್ಕದಲ್ಲಿ ದರ ವಿಧಿಸಿದಾಗ ಉಳಿದವರೂ ಹಿಂಬಾಲಿಸಬೇಕಾಯಿತು. ಯಾರು ಎಷ್ಟು ಪೈಸೆ ಇಳಿಸಿದರು ಎಂಬುದರ ಮೇಲೆ ಎಲ್ಲರ ಕಣ್ಣು. ಅದೇ 2009ರಲ್ಲಿ ಹುಟ್ಟಿದ ವಾಟ್ಸ್‌ಆ್ಯಪ್ ಯಾವ ಕಂಪನಿಯ ಪ್ರತಿಸ್ಪರ್ಧಿಗಳ ಪಟ್ಟಿಯಲ್ಲೂ ಇರಲಿಲ್ಲವೆಂದು ಧೈರ್ಯವಾಗಿ ಹೇಳಬಹುದು. ಅದಕ್ಕೆ ಪರವಾನಗಿಯೂ ಇರಲಿಲ್ಲ, ಗೋಪುರವೂ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಎಸ್‌ಎಂಎಸ್‌ನಿಂದ ಬರುತ್ತಿದ್ದ ಆದಾಯವನ್ನು ಅದು ಕಂಪನಿಗಳ ಸ್ವಂತ ಜಾಲದ ಮೇಲೆಯೇ ಓಡಾಡಿ ಕಸಿದುಕೊಂಡಿತು.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 2016ರ ಸೆಪ್ಟೆಂಬರ್ 5ರಂದು. ಅಲ್ಲಿಯವರೆಗೆ ಎಲ್ಲ ಕಂಪನಿಗಳ ನಕ್ಷೆಯ ನಡುಮಧ್ಯದಲ್ಲಿದ್ದ ಬಾಣ "ಮಾತಿನ ನಿಮಿಷ ಹೆಚ್ಚಿದರೆ ಆದಾಯ ಹೆಚ್ಚು" ಎಂಬುದು. ಜಿಯೊ ಆ ಬಾಣವನ್ನೇ ಅಳಿಸಿ ಮಾತಿಗೆ ದರವಿಲ್ಲ, ದತ್ತಾಂಶಕ್ಕೆ ಮಾತ್ರ ದರ ಎಂದು ಸಾರಿತು. ಅದರದು 4ಜಿ ಮಾತ್ರವೇ ಇದ್ದ ಜಾಲ. ಮಾತು ಕೂಡ ಅಲ್ಲಿ ದತ್ತಾಂಶವಾಗಿಯೇ ಹರಿಯುತ್ತಿದ್ದುದರಿಂದ ಮಾತನ್ನು ಬಿಟ್ಟುಕೊಡುವುದು ಅದಕ್ಕೆ ಸುಲಭವಾಗಿತ್ತು. ಹಳೆಯ ಕಂಪನಿಗಳಿಗೆ ಅದೇ ಮಾತು ಮನೆಯ ದೀಪ. ದತ್ತಾಂಶ ಸೇವೆಯನ್ನೂ ಆರಂಭದಲ್ಲಿ ಉಚಿತವಾಗಿ ಕೊಟ್ಟು, ಆ ಸೌಲಭ್ಯವನ್ನು 2017ರ ಮಾರ್ಚ್ ಅಂತ್ಯದವರೆಗೆ ವಿಸ್ತರಿಸಲಾಯಿತು. 170 ದಿನಗಳಲ್ಲಿ ಗಿರಾಕಿಗಳ ಸಂಖ್ಯೆ 10 ಕೋಟಿ ದಾಟಿತೆಂದು ಕಂಪನಿ ಪ್ರಕಟಿಸಿತು.

ಮುಂದಿನದು ಇತ್ತೀಚಿನ ಇತಿಹಾಸ. ರಿಲಯನ್ಸ್ ಕಮ್ಯುನಿಕೇಷನ್ಸ್ 2017ರ ಅಂತ್ಯದಲ್ಲಿ ಮೊಬೈಲ್ ಸೇವೆ ನಿಲ್ಲಿಸಿತು. ಏರ್‌ಸೆಲ್ 2018ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. 2008ರಲ್ಲೇ ಕರ್ನಾಟಕದ ಸ್ಪೈಸ್ ಅನ್ನು ಕೊಂಡಿದ್ದ ಐಡಿಯಾ, 2018ರ ಆಗಸ್ಟ್‌ನಲ್ಲಿ ವೊಡಾಫೋನ್ ಜತೆ ವಿಲೀನವಾಯಿತು. ಟಾಟಾದ ಮೊಬೈಲ್ ವ್ಯವಹಾರ 2019ರಲ್ಲಿ ಏರ್‌ಟೆಲ್‌ಗೆ ಸೇರಿತು. ಈಗ ಉಳಿದಿರುವುದು ಮೂರು ಖಾಸಗಿ ಸಂಸ್ಥೆಗಳು ಮತ್ತು ಬಿಎಸ್‌ಎನ್‌ಎಲ್.

ಪರೀಕ್ಷಿಸದೆ ಉಳಿದ ಒಂದು ಪದ

ಲೆಕ್ಕಪತ್ರ ನೋಡುವವರಿಗೆ ಈ ಇಡೀ ಕಥೆಯಲ್ಲಿ ಮರೆಯಲಾಗದ ಭಾಗ ಬೇರೊಂದಿದೆ. 1999ರಲ್ಲಿ ಎಲ್ಲರೂ ಸಂತೋಷದಿಂದ ಎಳೆದ ಬಾಣ "ಆದಾಯದ ಪಾಲು ಕೊಟ್ಟರೆ ಹೊರೆ ಕಡಿಮೆ" ಎಂಬುದು. ಬಾಣ ಸರಿಯಾಗಿಯೇ ಇತ್ತು. ಆದರೆ "ಆದಾಯ" ಎಂಬ ಪದದ ಅರ್ಥವೇನು ಎಂಬುದರಲ್ಲಿ ಒಮ್ಮತವಿರಲಿಲ್ಲ. ದೂರವಾಣಿ ಸೇವೆಯಿಂದ ಬಂದದ್ದು ಮಾತ್ರ ಆದಾಯ ಎಂದು ಕಂಪನಿಗಳು, ಬಡ್ಡಿ, ಲಾಭಾಂಶ, ಬಾಡಿಗೆ ಮುಂತಾದವೂ ಸೇರಬೇಕೆಂದು ಸರ್ಕಾರ. ವ್ಯಾಜ್ಯ ವರ್ಷಗಟ್ಟಲೆ ನಡೆದು 2019ರ ಅಕ್ಟೋಬರ್ 24ರಂದು ಸರ್ವೋಚ್ಚ ನ್ಯಾಯಾಲಯ ಸರ್ಕಾರದ ವ್ಯಾಖ್ಯೆಯನ್ನು ಎತ್ತಿಹಿಡಿಯಿತು. ಬಡ್ಡಿ, ದಂಡಗಳೂ ಸೇರಿ ಎಲ್ಲ ಕಂಪನಿಗಳ ಮೇಲಿನ ಬೇಡಿಕೆ ಸುಮಾರು 1.47 ಲಕ್ಷ ಕೋಟಿ ರೂಪಾಯಿಗೆ ಮುಟ್ಟಿತು. ಅಸಲಿಗಿಂತ ಬಡ್ಡಿ, ದಂಡ ಮತ್ತು ದಂಡದ ಮೇಲಿನ ಬಡ್ಡಿಯ ಭಾರವೇ ದೊಡ್ಡದಾಗಿತ್ತು. ಚೀಟಿಯ ಮೇಲೆ ಬರೆದ ಪದಕ್ಕೆ "ಇದರಲ್ಲಿ ಏನೇನು ಸೇರಿದೆ, ಏನೇನು ಸೇರಿಲ್ಲ?" ಎಂದು ಕೇಳಬೇಕೆಂಬ ನಿಯಮವನ್ನು ಓದುವಾಗ ಅದು ಶಾಲಾ ಮಕ್ಕಳ ಅಭ್ಯಾಸದಂತೆ ತೋರಬಹುದು. ಏಜೆನ್ಸಿ ಕರಾರಿನಲ್ಲಿ "ಮಾರಾಟ" ಎಂದರೆ ತೆರಿಗೆ ಸೇರಿಸಿಯೋ, ಬಿಟ್ಟೋ, ಹಿಂದಿರುಗಿದ ಮಾಲನ್ನು ಕಳೆದೋ ಎಂಬುದನ್ನು ಎಷ್ಟು ಮಂದಿ ಸಹಿ ಹಾಕುವ ಮೊದಲು ಓದಿರುತ್ತಾರೆ?

ಬೆಳ್ಳೂರು ಕ್ರಾಸ್‌ನ ಒಂದು ಕಲ್ಪಿತ ಉದಾಹರಣೆ

ದೊಡ್ಡ ಕಂಪನಿಗಳ ಮಾತು ಸಾಕು. ಬೆಂಗಳೂರು-ಮಂಗಳೂರು ಹೆದ್ದಾರಿಯೂ, ಮೈಸೂರಿನಿಂದ ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲಗಳ ಮೂಲಕ ಬರುವ ರಸ್ತೆಯೂ ಸೇರುವ ಬೆಳ್ಳೂರು ಕ್ರಾಸ್‌ನಲ್ಲಿ ಅಣ್ಣ ತಮ್ಮಂದಿರಿಬ್ಬರು ಮೊಬೈಲ್ ರೀಚಾರ್ಜ್ ಮತ್ತು ಸಿಮ್ ವಿತರಣೆಯ ವ್ಯಾಪಾರ ನಡೆಸುತ್ತಿದ್ದಾರೆಂದು ಊಹಿಸಿಕೊಳ್ಳಬಹುದು. ಇಲ್ಲಿನ ವ್ಯಕ್ತಿಗಳೂ ಅಂಕಿಗಳೂ ಕೇವಲ ಉದಾಹರಣೆಗಾಗಿ. ಬಂಡವಾಳ 8 ಲಕ್ಷ ರೂಪಾಯಿ. ಸುತ್ತಲಿನ ಹಳ್ಳಿಗಳ 60 ಅಂಗಡಿಗಳಿಗೆ ರೀಚಾರ್ಜ್ ಬ್ಯಾಲೆನ್ಸ್ ಹಾಕಿ, ವಾರಕ್ಕೊಮ್ಮೆ ಹಣ ಸಂಗ್ರಹಿಸುವುದು ಪದ್ಧತಿ. ಅಂಗಡಿಗಳಲ್ಲಿ ನಿಂತಿರುವ ಬಾಕಿ ಮೂರೂವರೆ ಲಕ್ಷ.

ಇಬ್ಬರನ್ನೂ ಪ್ರತ್ಯೇಕವಾಗಿ ಕೂರಿಸಿ ಮಾತನಾಡಿಸಲಾಯಿತೆನ್ನೋಣ. ಅಣ್ಣನ ಚೀಟಿಯ ಮೇಲಿನ ಮಾತು: "ಉದ್ರಿ ಕೊಡ್ದೇ ಇದ್ರೆ ಒಬ್ಬನೂ ನಮ್ಮತ್ರ ಬರಲ್ಲ ಕಣಪ್ಪ, ಇಪ್ಪತ್ತು ವರ್ಷದ ನಂಟು ಇದು." ತಮ್ಮನ ಚೀಟಿಯ ಮೇಲೆ: "ಅಣ್ಣ ಹೇಳೋದು ಸರಿನೇ, ಆದ್ರೆ ಜನ ಈಗ ಫೋನಲ್ಲೇ ರೀಚಾರ್ಜ್ ಮಾಡ್ಕೋತಾರೆ, ಅಂಗಡಿಯವ್ರಿಗೇ ಗಿರಾಕಿ ಇಲ್ಲ." ಬಾಣಗಳಾಗಿ ಬರೆದಾಗ ಅಣ್ಣನ ನಕ್ಷೆ ಇಷ್ಟು: ಉದ್ದರಿ, ಅದರಿಂದ ಅಂಗಡಿಗಳ ನಿಷ್ಠೆ, ಅದರಿಂದ ರೀಚಾರ್ಜ್ ಮಾರಾಟ, ಅದರಿಂದ ಕಮಿಷನ್, ಅದರಿಂದ ಇನ್ನಷ್ಟು ಉದ್ದರಿ ಕೊಡುವ ಶಕ್ತಿ. ಎಲ್ಲವೂ ಕೂಡು ಚಿಹ್ನೆ, ಬೆಳೆಯುವ ಸುಳಿ. ಮೊಬೈಲ್ ಹರಡುತ್ತಿದ್ದ, ಹತ್ತು ರೂಪಾಯಿಯ ರೀಚಾರ್ಜ್‌ಗೂ ಅಂಗಡಿಗೇ ಬರಬೇಕಾಗಿದ್ದ ಕಾಲದಲ್ಲಿ ಅದು ನಿಜವೂ ಆಗಿತ್ತು. ಅವರ ಮನೆ ಕಟ್ಟಿದ್ದು ಆ ಸುಳಿಯೇ.

ತಮ್ಮನ ನಕ್ಷೆಯಲ್ಲಿ ಒಂದು ಹೊಸ ಪದವಿದೆ: ಗಿರಾಕಿ ಸ್ವತಃ ಮಾಡಿಕೊಳ್ಳುವ ರೀಚಾರ್ಜ್. 2016ರಲ್ಲಿ ಯುಪಿಐ ಬಂದ ನಂತರ ಬೆಳೆದ ಈ ಅಭ್ಯಾಸದಿಂದ ಅಂಗಡಿಯ ರೀಚಾರ್ಜ್ ಮಾರಾಟಕ್ಕೆ ಒಂದು ಕಳೆ ಚಿಹ್ನೆಯ ಬಾಣ. ಅಂಗಡಿಯ ಮಾರಾಟ ಕುಗ್ಗಿದರೆ ಬಾಕಿ ನಿಲ್ಲುವ ದಿನಗಳು ಹೆಚ್ಚು: ಇನ್ನೊಂದು ಕಳೆ ಚಿಹ್ನೆ. ಬಾಕಿ ನಿಂತಷ್ಟೂ ಹ್ಯಾಂಡ್‌ಸೆಟ್, ಬಿಡಿಭಾಗಗಳ ದಾಸ್ತಾನಿಗೆ ಹಣ ಕಡಿಮೆ. ಬಿ.ಜಿ. ನಗರದ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ರೀಚಾರ್ಜ್‌ಗಾಗಿ ಅಂಗಡಿಗೆ ಬರುವುದಿಲ್ಲ. ಚಾರ್ಜರ್, ಇಯರ್‌ಫೋನ್, ಪರದೆ ಬದಲಾವಣೆಗೆ ಬರುತ್ತಾರೆ. ಆ ಮಾಲು ಅಂಗಡಿಯಲ್ಲಿಲ್ಲ, ಏಕೆಂದರೆ ಅದಕ್ಕೆ ಹೋಗಬೇಕಾದ ಹಣ 60 ಅಂಗಡಿಗಳಲ್ಲಿ ಕುಳಿತಿದೆ.

ಎರಡು ನಕ್ಷೆಗಳನ್ನೂ ಒಂದೇ ಹಾಳೆಯ ಮೇಲೆ ಇಟ್ಟಾಗ ಇಬ್ಬರ ಜಗಳ ಉದ್ದರಿಯ ಬಗ್ಗೆ ಅಲ್ಲವೆಂದು ತಿಳಿಯುತ್ತದೆ. ಉದ್ದರಿ ಕೊಟ್ಟರೆ ಅಂಗಡಿಯವರ ನಿಷ್ಠೆ ಉಳಿಯುತ್ತದೆ ಎಂಬುದನ್ನು ತಮ್ಮನೂ ಒಪ್ಪುತ್ತಾನೆ. ನಿಷ್ಠೆಯಿಂದ ಮಾರಾಟದ ಕಡೆಗೆ ಹೋಗುವ ಬಾಣ ಇನ್ನೂ ಜೀವಂತವಾಗಿದೆಯೇ ಎಂಬುದಷ್ಟೇ ಪ್ರಶ್ನೆ. ಇದಕ್ಕೆ ಉತ್ತರ ನಕ್ಷೆಯಲ್ಲಿ ಇರುವುದಿಲ್ಲ, ಖಾತೆಪುಸ್ತಕದಲ್ಲಿರುತ್ತದೆ. ಮೂರೂವರೆ ಲಕ್ಷ ಬಾಕಿಗೆ ಶೇಕಡ 12ರಂತೆ ಬಡ್ಡಿ ಹಾಕಿದರೆ ವರ್ಷಕ್ಕೆ 42,000 ರೂಪಾಯಿ. ಆ 60 ಅಂಗಡಿಗಳಿಂದ ಬಂದ ನಿವ್ವಳ ಕಮಿಷನ್ ಪ್ರತ್ಯೇಕವಾಗಿ ತೆಗೆದು ನೋಡಿದಾಗ 38,000 ಎಂದು ಬಂದಿತೆನ್ನೋಣ. ಲಾಭ-ನಷ್ಟ ಖಾತೆಯಲ್ಲಿ ಈ 42,000 ಎಲ್ಲಿಯೂ ಕಾಣುವುದಿಲ್ಲ, ಏಕೆಂದರೆ ಹಣ ಸ್ವಂತದ್ದು. ಸ್ವಂತ ಹಣಕ್ಕೆ ಬಡ್ಡಿ ಇಲ್ಲವೆಂಬುದು ಕೂಡ ಒಂದು ಬಾಣವೇ, ಬಹುಶಃ ನಮ್ಮ ಪೇಟೆಗಳಲ್ಲಿ ಅತ್ಯಂತ ಹಳೆಯದು.

ಹಾಗೆಂದು ತಮ್ಮನ ನಕ್ಷೆಯನ್ನು ಇಡಿಯಾಗಿ ಒಪ್ಪಿಕೊಂಡು 60 ಅಂಗಡಿಗಳ ಉದ್ದರಿಯನ್ನೂ ಒಮ್ಮೆಗೇ ನಿಲ್ಲಿಸುವುದು ವಿವೇಕವಲ್ಲ. ಖಾತೆಯನ್ನು ಅಂಗಡಿವಾರು ಬಿಡಿಸಿದರೆ 15 ಅಂಗಡಿಗಳು ಇನ್ನೂ ಚೆನ್ನಾಗಿ ನಡೆಯುತ್ತಿರುವುದು ತಿಳಿದುಬರಬಹುದು. ವಯಸ್ಸಾದವರು, ಸಾದಾ ಫೋನು ಇಟ್ಟುಕೊಂಡವರು ಹೆಚ್ಚಾಗಿರುವ ಹಳ್ಳಿಗಳಲ್ಲಿ ಅಣ್ಣನ ಬಾಣ ಈಗಲೂ ಸರಿ. ಉಳಿದ ಕಡೆ ಬಾಕಿಯನ್ನು ಕಂತಿನಲ್ಲಿ ಇಳಿಸುತ್ತಾ ಬರಬೇಕು.

ನಕ್ಷೆಯ ಮಿತಿಗಳನ್ನೂ ಹೇಳಬೇಕು. ಅದು ತೋರಿಸುವುದು ಜನರು ನಂಬಿರುವುದನ್ನು, ಇರುವುದನ್ನಲ್ಲ. ಚಿಹ್ನೆ ದಿಕ್ಕನ್ನು ಹೇಳುತ್ತದೆ, ಪ್ರಮಾಣವನ್ನು ಹೇಳುವುದಿಲ್ಲ. ಒಂದು ಪರಿಣಾಮ ವಾರದಲ್ಲಿ ಬರುವುದೋ ಮೂರು ವರ್ಷಕ್ಕೆ ಬರುವುದೋ ಬಾಣದಿಂದ ತಿಳಿಯದು. ಉತ್ಸಾಹದಿಂದ ನೂರು ಚೀಟಿ ಅಂಟಿಸಿದ ನಕ್ಷೆ ಗೋಡೆಯ ಅಲಂಕಾರವಾಗುತ್ತದೆಯೇ ಹೊರತು ಬೇರೇನೂ ಅಲ್ಲ. ಸಣ್ಣ ವ್ಯಾಪಾರಕ್ಕೆ ಹದಿನೈದು ಇಪ್ಪತ್ತು ಪದಗಳು ಧಾರಾಳ.

ಇದನ್ನು ಮಾಡಲು ಸೂಕ್ತವಾದ ಸಮಯ ವರ್ಷಾಂತ್ಯದ ಲೆಕ್ಕ ಮುಗಿಸುವ ಏಪ್ರಿಲ್-ಮೇ ತಿಂಗಳು. ದಾಸ್ತಾನು ಪಟ್ಟಿ, ಬಾಕಿದಾರರ ಪಟ್ಟಿ ಹೇಗೂ ಮೇಜಿನ ಮೇಲಿರುತ್ತವೆ. ನಕ್ಷೆಗೆ ದಿನಾಂಕ ಹಾಕಿ, ಪ್ರತಿ ಬಾಣದ ಪಕ್ಕದಲ್ಲಿ ಅದನ್ನು ಯಾವ ಖಾತೆಯಿಂದ ಪರೀಕ್ಷಿಸಬಹುದೆಂದು ಪೆನ್ಸಿಲಿನಲ್ಲಿ ಗುರುತಿಸಿ, ಅದೇ ಕಡತದಲ್ಲಿ ಇಡಬೇಕು. ಮುಂದಿನ ವರ್ಷ ಹೊಸ ನಕ್ಷೆಯನ್ನು ಹಳೆಯದನ್ನು ನೋಡದೆ ಬರೆದು, ಬರೆದ ಮೇಲೆ ಎರಡನ್ನೂ ಹೋಲಿಸಬೇಕು. ಯಾವ ಖಾತೆಯಿಂದಲೂ ಪರೀಕ್ಷಿಸಲಾಗದ ಬಾಣಗಳು ಎಷ್ಟಿವೆ ಎಂದು ಮೊದಲು ಎಣಿಸುವುದು ಒಳ್ಳೆಯದು.